ಹಾಡಿನ ಹಾಳೆಯ ಮುಖ

ನಾನು ಕೂತಲ್ಲಿ ಕೂರುವ ಮನುಷ್ಯನಲ್ಲ. ಪಾಠ ಮಾಡುವಾಗಲೂ ಹಲಗೆಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಲೇ ಇರುತ್ತೇನೆ. ಬಳ್ಳಾರಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಹೇಳುತ್ತ ಮೂವತ್ತು ವರ್ಷ ಕಳೆದಿದ್ದೇನೆ. ಇಷ್ಟು ಹೊತ್ತಿಗೆ ಕ್ಲಾಸಿನೊಳಗೇ ಕಾಶಿಗೆ ಹೋಗಿ ಬಂದಿರಬೇಕು ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಅದು ನನ್ನ ಸ್ವಭಾವ, ಇರಲಿ. ಆದರೆ ಈ ವರ್ಷ ಬಿಸಿಲೇರುವ ಹೊತ್ತಿಗೆ ನನಗೆ ಹತ್ತಿಕೊಂಡ ಚಡಪಡಿಕೆ ಬೇರೆ ಥರದ್ದು.

ಅದಕ್ಕೆ ಕಾರಣ ಒಂದು ಪಾಠ. ನಾನೂರು ವರ್ಷಗಳ ಹಿಂದಿನ ಇಂಗ್ಲೆಂಡಿನಲ್ಲಿ ಬೀದಿ ಬೀದಿಯಲ್ಲಿ ಮಾರಾಟವಾಗುತ್ತಿದ್ದ ಹಾಡಿನ ಹಾಳೆಗಳ ಬಗ್ಗೆ ಹೇಳಬೇಕಿತ್ತು. ಕೊಲೆಯಾಗಲಿ, ನೇಣಾಗಲಿ, ಊರಿಗೆ ಬೆಂಕಿ ಬೀಳಲಿ, ಎರಡು ತಲೆಯ ಕರು ಹುಟ್ಟಲಿ, ಕೂಡಲೇ ಒಂದು ಹಾಳೆ ಅಚ್ಚಾಗುತ್ತಿತ್ತು. ಮಾರುವವನು ಸಂತೆಯಲ್ಲೋ ಹೆಂಡದಂಗಡಿಯ ಬಾಗಿಲಲ್ಲೋ ನಿಂತು ಹಾಡುತ್ತಿದ್ದ. ರಾಗ ಹೊಸದೇನಲ್ಲ, ಜನರ ಬಾಯಲ್ಲಿದ್ದ ಹಾಡಿನ ಧಾಟಿಯನ್ನೇ ಹಾಳೆಯ ನೆತ್ತಿಯ ಮೇಲೆ ಬರೆದಿರುತ್ತಿದ್ದರು. ಸುದ್ದಿಯ ಕಿರುಪುಸ್ತಕ, ನರಕದ ಭಯ ಹುಟ್ಟಿಸುವ ಧರ್ಮದ ಹೊತ್ತಿಗೆ, ಎಲ್ಲವೂ ಅದೇ ಜೋಳಿಗೆಯಲ್ಲಿ. ಕೊಂಡವರು ಮನೆಗೆ ಒಯ್ದು ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು.

ಪರದೆಯ ಮೇಲೆ ಎರಡು ಹಾಳೆಗಳನ್ನು ತೋರಿಸಿದೆ. ಒಂದು ಯಾವುದೋ ರಾಣಿಯ ಹಾಡು. ಇನ್ನೊಂದು ಗಂಡನನ್ನು ಕೊಂದವಳ ಹಾಡು. ಎರಡರ ಮೇಲೂ ಇದ್ದದ್ದು ಒಂದೇ ಹೆಂಗಸಿನ ಚಿತ್ರ, ಅದೇ ಮೂಗು, ಅದೇ ಕೈಬೀಸಣಿಗೆ. ಮುದ್ರಕನ ಬಳಿ ಇದ್ದ ಮರದ ಅಚ್ಚುಗಳು ನಾಲ್ಕಾರು ಮಾತ್ರ, ಯಾವ ಹೆಣ್ಣಿನ ಕಥೆ ಬಂದರೂ ಅದನ್ನೇ ಒತ್ತುತ್ತಿದ್ದ ಎಂದೆ. ಹುಡುಗರು ನಕ್ಕರು, ನಾನೂ ನಕ್ಕೆ. ಆಗ ಸಂಗನಕಲ್ಲಿನಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್ರ, ಆ ಚಿತ್ರದಾಗ ಇರೋಕಿ ಯಾರ್ರಿ? ಆಕಿಗೆ ಗೊತ್ತಾಗಿದ್ರ ಸುಮ್ನ ಬಿಡ್ತಿದ್ಲೇನ್ರಿ?"

"ಯಾರೂ ಅಲ್ಲಮ್ಮಾ," ಎಂದೆ. "ಕಟ್ಟಿಗಿ ಮ್ಯಾಲೆ ಯಾವನೋ ಕೆತ್ತಿದ ಗೊಂಬಿ."

ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ಹತ್ತು ನಿಮಿಷ ಮೊದಲೇ ಕ್ಲಾಸು ಬಿಟ್ಟು, ಸ್ಟಾಫ್ ರೂಮಿಗೂ ಹೋಗದೆ, ಬಿಸಿಲಲ್ಲಿ ಸ್ಕೂಟರಿನ ಪಕ್ಕ ನಿಂತುಕೊಂಡೆ. ಯಾಕೆಂದರೆ ನಾನೂ ಒಂದು ಕಾಲದಲ್ಲಿ ಅಂಥ ಹಾಳೆ ಬರೆದವನು. ನಾನು ಹಾಕಿದ ಮುಖ ಮಾತ್ರ ಕಟ್ಟಿಗೆಯದಾಗಿರಲಿಲ್ಲ.

ಮೂವತ್ತೈದು ವರ್ಷದ ಹಿಂದಿನ ಮಾತು. ಎಂ.ಎ. ಮುಗಿಸಿ, ಕೆಲಸ ಸಿಗದೆ, ಕೌಲ್ ಬಜಾರಿನ ಗಲ್ಲಿಯೊಂದರ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಚುನಾವಣೆಯ ಕರಪತ್ರ, ಅವುಗಳ ನಡುವೆ ಹಾಡಿನ ಹಾಳೆ. ಒಂದು ಕಾಗದವನ್ನು ಮಡಚಿದರೆ ನಾಲ್ಕು ಪುಟ. ಯಾವುದಾದರೂ ಊರಲ್ಲಿ ಕೊಲೆಯೋ ಓಡಿಹೋದ ಪ್ರಕರಣವೋ ಆದರೆ ಸುದ್ದಿ ಬಸ್ಸಿನಲ್ಲಿ ನಮ್ಮ ಬಾಗಿಲಿಗೆ ಬರುತ್ತಿತ್ತು. ಕಂಡಕ್ಟರು ಹೇಳಿದ್ದಿಷ್ಟು, ಉಳಿದದ್ದೆಲ್ಲ ನನ್ನ ತಲೆಯದು. ಸಿನಿಮಾ ಹಾಡಿನ ಧಾಟಿಗೆ ನುಡಿ ಕಟ್ಟುತ್ತಿದ್ದೆ. ಮೇಲೆ ದಪ್ಪ ಅಚ್ಚುಮೊಳೆಗಳಲ್ಲಿ 'ನಡೆದ ಸತ್ಯ ಸಂಗತಿ' ಎಂದು ಜೋಡಿಸಿದರೆ ಮುಗಿಯಿತು. ದಪ್ಪು ಬಾರಿಸುವ ಹಾಡುಗಾರನೊಬ್ಬ ಅವನ್ನು ಹೊತ್ತು ಸಂತೆ ಸಂತೆ ತಿರುಗುತ್ತಿದ್ದ. ಅವನದೊಂದು ಉಪಾಯ ಇತ್ತು. ಮುಕ್ಕಾಲು ಹಾಡಿ, ದಪ್ಪು ನಿಲ್ಲಿಸಿಬಿಡುತ್ತಿದ್ದ. ಮುಂದೇನಾಯಿತು ಎಂದು ತಿಳಿಯಬೇಕಾದವರು ಹಾಳೆ ಕೊಳ್ಳಬೇಕು.

ನನಗೆ ಆ ಕೆಲಸ ಬಲು ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ. ಸಿರುಗುಪ್ಪದ ಸಂತೆಯಲ್ಲಿ ಭತ್ತದ ಮೂಟೆಯ ಮೇಲೆ ಕೂತ ಜನ ನಾನು ಬರೆದ ಸಾಲಿಗೆ 'ಅಯ್ಯೋ' ಎನ್ನುವುದನ್ನು ಒಮ್ಮೆ ಮರೆಯಲ್ಲಿ ನಿಂತು ಕೇಳಿದ್ದೆ. ಆವತ್ತಿನ ಹೆಮ್ಮೆ ಕಾಲೇಜಿನ ಮೇಷ್ಟ್ರಾದ ಮೇಲೆ ನನಗೆ ಒಂದು ದಿನವೂ ಆಗಿಲ್ಲ.

ಒಂದು ದಿನ ಗಡಿಯಾಚೆ ಆಂಧ್ರದ ಹಳ್ಳಿಯೊಂದರ ಸುದ್ದಿ ಬಂತು. ಹೆಂಡತಿಯೊಬ್ಬಳು ಗಂಡನಿಗೆ ಅನ್ನದಲ್ಲಿ ವಿಷ ಇಟ್ಟಳಂತೆ. ಇಟ್ಟಳೋ ಇಲ್ಲವೋ ನನಗೇನು ಗೊತ್ತು? ಸಂಜೆಯೊಳಗೆ ಹಾಡು ಸಿದ್ಧವಾಯಿತು.

ಅನ್ನದೊಳಗ ವಿಷವ ಬೆರೆಸಿ ನಗುತ ಬಡಿಸ್ಯಾಳೊ
ಉಂಡ ಗಂಡ ಏಳಲಿಲ್ಲ, ದೀಪ ಆರಿಸ್ಯಾಳೊ

ಆ 'ನಗುತ' ನನ್ನದು. ಕಂಡಕ್ಟರು ನಗುವಿನ ವಿಷಯ ಹೇಳಿರಲಿಲ್ಲ.

ಮಾಲೀಕರು ಪ್ರೂಫ್ ನೋಡಿ, "ಪದ ಚಲೋ ಐತಿ. ಮುಖ ಎಲ್ಲಿ? ಮುಖ ಇಲ್ದ ಹಾಳಿಯನ್ನ ನಾಯಿನೂ ಮೂಸಂಗಿಲ್ಲ," ಎಂದರು. ಹಳೆಯ ಬ್ಲಾಕುಗಳ ಡಬ್ಬಿ ಕಿಟಕಿಯ ಕಟ್ಟೆಯ ಮೇಲಿತ್ತು. ಫೋಟೋ ಪಟಗಳನ್ನು ಅಚ್ಚೊತ್ತಲು ಮಾಡಿಸಿದ ಸತುವಿನ ತುಂಡುಗಳು, ಕೆಲಸ ಮುಗಿದ ಮೇಲೆ ಯಾರೂ ಕೇಳಿಕೊಂಡು ಬರದಂಥವು. ಕೈಹಾಕಿದೆ. ಎರಡು ಜಡೆ ಮುಂದಕ್ಕೆ ಹಾಕಿಕೊಂಡು, ಪಟ ತೆಗೆಯುವವನ ಕಡೆ ದಿಟ್ಟಿಸಿ ನೋಡುವ ಹುಡುಗಿಯ ಮುಖ ಸಿಕ್ಕಿತು. ಕುರುಗೋಡಿನ ಹೊಲಿಗೆ ತರಬೇತಿಯ ಕರಪತ್ರಕ್ಕಾಗಿ ಮಾಡಿಸಿದ್ದ ಬ್ಲಾಕು ಅದು. ಹೊಲಿಗೆಯಲ್ಲಿ ಮೊದಲ ಬಹುಮಾನ ಪಡೆದವಳ ಪಟ. ಆ ಕರಪತ್ರದ ಪ್ರೂಫ್ ತಿದ್ದಿದ್ದೂ ನಾನೇ. ಗೊತ್ತಿದ್ದೂ ತೆಗೆದುಕೊಟ್ಟೆ. ಕುರುಗೋಡಿನವಳನ್ನು ಸಿರುಗುಪ್ಪದಲ್ಲಿ ಯಾರು ಗುರುತಿಸುತ್ತಾರೆ ಎಂದುಕೊಂಡೆ.

ಆದರೆ ಆಕೆಗೆ ಗಂಡು ಗೊತ್ತಾಗಿದ್ದದ್ದು ಸಿರುಗುಪ್ಪದಲ್ಲೇ.

ಹದಿನೈದು ದಿನ ಕಳೆದಿರಬಹುದು. ಮಧ್ಯಾಹ್ನ ಆ ಹುಡುಗಿ ತಾಯಿಯೊಂದಿಗೆ ಪ್ರೆಸ್ಸಿನ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಹಾಳೆ ಇತ್ತು. ಕಿಟಕಿಯಿಂದ ಕಂಡ ಕೂಡಲೇ ಎರಡು ಜಡೆ, ಆ ನೋಟ, ಎಲ್ಲ ಗುರುತಾಯಿತು. ನಾನು ಅಚ್ಚುಮೊಳೆಗಳನ್ನಿಡುವ ಎತ್ತರದ ಮರದ ಕೇಸಿನ ಹಿಂದೆ ಸರಿದು ನಿಂತೆ. 

"ಈ ಮುಖ ನಂದ್ರಿ," ಎಂದಳು ಆಕೆ, ಮಾಲೀಕರಿಗೆ. ಅಳುವ ಧ್ವನಿಯಲ್ಲ. "ಇದನ್ನ ಯಾರು ಹಾಕಿದ್ದು?"

ಮಾಲೀಕರು ತಡವರಿಸಿದರು. ಬರೆಯುವವ ಊರಲ್ಲಿಲ್ಲ, ಯಾವುದೋ ಮುಖ ಯಾವುದಕ್ಕೋ ಹೋಗಿದೆ, ಉಳಿದ ಹಾಳೆ ಸುಟ್ಟುಬಿಡುತ್ತೇವೆ ಎಂದರು. ತಾಯಿ ಅತ್ತರು. ಗಂಡಿನ ಮನೆಯವರು ಸಂಬಂಧ ಬೇಡ ಎಂದಿದ್ದರಂತೆ. ಇವಳು ಕೊಂದವಳಲ್ಲ ಎಂದು ಅವರಿಗೂ ಗೊತ್ತು. ಆದರೆ ವಿಷದ ಹಾಡಿನ ಮೇಲೆ ಬಂದ ಮುಖ ಮನೆ ತುಂಬಿಸಿಕೊಂಡರೆ, ಆ ಕೈಯ ಅನ್ನ ನೆಮ್ಮದಿಯಿಂದ ಉಣ್ಣುವುದು ಹೇಗೆ ಎಂದರಂತೆ. ಹುಡುಗಿ ಮತ್ತೊಮ್ಮೆ ಕೇಳಿದಳು, "ಬರೆಯೋರು ಎಲ್ಲದಾರ್ರಿ? ನನಗ ಅವರನ್ನ ನೋಡಬೇಕೈತಿ." ಸ್ವಲ್ಪ ಹೊತ್ತು ನಿಂತಳು.  ಆಮೇಲೆ ಮೆಟ್ಟಿಲಿಳಿದು ಹೋದರು.

ಆ ತಿಂಗಳೇ ಪ್ರೆಸ್ಸು ಬಿಟ್ಟೆ. ಹಾಡು ಬರೆಯುವುದನ್ನೂ ಬಿಟ್ಟೆ. ಪರೀಕ್ಷೆಯ ಕೆಲಸಕ್ಕೋ ಚುನಾವಣೆಯ ಕೆಲಸಕ್ಕೋ ಎಷ್ಟೋ ಸಲ ಕುರುಗೋಡಿನ ಮೇಲೆ ಹೋಗಿದ್ದೇನೆ. ಬಸ್ಸು ಅಲ್ಲಿ ನಿಂತಾಗಲೆಲ್ಲ ಕಿಟಕಿಯಿಂದ ಮುಖ ತಿರುಗಿಸಿ ಪೇಪರು ಓದಿದ್ದೇನೆ.

ಆ ಪಾಠದ ನಂತರ ಒಂದು ವಾರ ಮನೆಯಲ್ಲಿ ನಾನು ಯಾರಿಗೂ ಸಹಿಸಲಾಗದಂತಾದೆ. ಚಹಾ ಅರ್ಧ ಕುಡಿದು ಎದ್ದು ಹೋಗುವುದು, ಗೇಟಿನವರೆಗೆ ಹೋಗಿ ತಿರುಗಿ ಬರುವುದು, ಫ್ಯಾನಿನ ಮೇಲೆ ಸಿಟ್ಟು, ಬಿಸಿಲಿನ ಮೇಲೆ ಸಿಟ್ಟು. ಬಳ್ಳಾರಿಯಲ್ಲಿ ಕೂತು ಬಿಸಿಲಿನ ಮೇಲೆ ಸಿಟ್ಟು ಮಾಡಿದರೆ ಅದಕ್ಕೇನು?

"ಚೇಳು ಕಡದೋರಂಗ ಯಾಕ ಓಡ್ಯಾಡ್ತೀರಿ?" ಎಂದಳು ಹೆಂಡತಿ. ಅವಳಿಗೆ ಎಲ್ಲವನ್ನೂ ಹೇಳಿದೆ, ಮೊದಲ ಸಲ. ಕೇಳಿ, ಎದ್ದು ಒಳಗೆ ಹೋದಳು. 

ಮರುದಿನ ಕೂತು ಒಂದು ಕರಪತ್ರ ಬರೆದೆ. ಇಂತಿಂಥ ವರ್ಷ ಇಂಥ ಹಾಡಿನ ಮೇಲೆ ಅಚ್ಚಾದ ಮುಖ ಅಪರಾಧಿಯದಲ್ಲ, ಅದು ಕುರುಗೋಡಿನಲ್ಲಿ ಹೊಲಿಗೆಯಲ್ಲಿ ಮೊದಲ ಬಹುಮಾನ ಪಡೆದ ಹೆಣ್ಣುಮಗಳದು, ತಪ್ಪು ಪೂರ್ತಿ ನನ್ನದು, ಕ್ಷಮೆ ಕೇಳುತ್ತೇನೆ ಎಂದು. ನಾನೂರು ವರ್ಷದ ಹಿಂದೆ ತಪ್ಪೊಪ್ಪಿಗೆಯನ್ನೂ ಅಚ್ಚು ಹಾಕಿಸಿ ಹಂಚುತ್ತಿದ್ದರು ಎಂದು ಪಾಠ ಮಾಡಿದವನಲ್ಲವೆ ನಾನು. ಒಂದೇ ಮಗ್ಗುಲಿಗೆ ಅಚ್ಚು ಹಾಕಿಸಿದೆ, ಇನ್ನೂರು ಪ್ರತಿ. ಮುಖ ಹಾಕಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಕಟ್ಟು ಮನೆಗೆ ತಂದಾಗ ಎದೆ ಹಗುರಾಯಿತು.

"ಆಕಿನ ಕೇಳೀರೇನು?" ಎಂದಳು ಹೆಂಡತಿ.

"ಕೇಳಾಕ ಹೊಂಟೀನಿ."

"ಅಚ್ಚು ಹಾಕಿಸಿ ಆಮ್ಯಾಲೆ ಕೇಳಾಕ ಹೋಗ್ತಾರೇನು ಯಾರಾದ್ರೂ?"

ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹಿಡಿದೆ.

ಕುರುಗೋಡಿನಲ್ಲಿ ಈ ಸಲ ಇಳಿದೆ. ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯ ಮುದುಕನನ್ನು ವಿಚಾರಿಸಿದೆ. ಹೊಲಿಗೆ ಕ್ಲಾಸಿನಲ್ಲಿ ಮೊದಲ ಬಹುಮಾನ, ಎರಡು ಜಡೆ, ಹಳೆಯ ಕಾಲ ಎಂದೆಲ್ಲ ಹೇಳಿದೆ. ಆತ ಚಹಾ ಎತ್ತಿ ಸುರಿಯುತ್ತ ಯೋಚಿಸಿದ.

"ಹಾಡಿನಾಕಿ ಏನ್ರಿ?"

ಲೋಟ ಕೆಳಗಿಟ್ಟೆ. "ಯಾವ ಹಾಡು?"

"ಅದ್ಯಾವುದೋ ಗೊತ್ತಿಲ್ರಿ. ಸಣ್ಣಾಕಿದ್ದಾಗ ಚಲೋ ಹಾಡ್ತಿದ್ಲು ಅಂತ ಕಾಣ್ತೈತಿ. ಎಲ್ಲಾರೂ ಹಾಡಿನಾಕಿ ಹಾಡಿನಾಕಿ ಅಂತಾರ. ಸಿರುಗುಪ್ಪದಾಗ ಸಂತಿ ಬಯಲಿನ ಹತ್ರ ಟೇಲರ್ ಅಂಗಡಿ ಇಟ್ಟಾಳ್ರಿ. ನಮ್ಮ ಸೊಸಿ ಜಾಕೀಟು ಆಕೀ ಕಡೇನ ಹೊಲಸ್ತಾಳ."

ಸಿರಿಗೇರಿ ಕ್ರಾಸಿನಲ್ಲಿ ಬಸ್ಸು ಬದಲಿಸಬೇಕಾಯಿತು. ಬಸ್ಸು ಬರಲಿಲ್ಲ. ಕಾಯುವುದು ನನ್ನ ಜಾತಕದಲ್ಲಿ ಇಲ್ಲ. ನೆರಳಿಂದ ಬಿಸಿಲಿಗೆ, ಬಿಸಿಲಿಂದ ನೆರಳಿಗೆ ಅಡ್ಡಾಡಿದೆ. ಹಿಂದಕ್ಕೆ ಬಳ್ಳಾರಿಗೆ ಹೋಗುವ ಬಸ್ಸು ಎರಡು ಸಲ ಬಂದು ನಿಂತಿತು. ಎರಡನೆಯ ಸಲ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೇಬಿಟ್ಟಿದ್ದೆ. ಕಂಡಕ್ಟರು "ಹತ್ರಿ, ಇಲ್ಲ ಇಳೀರಿ" ಎಂದು ಗದರಿದ. ಇಳಿದೆ.

ಸಿರುಗುಪ್ಪದಲ್ಲಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅಕ್ಕಿ ಗಿರಣಿಯ ಹೊಟ್ಟಿನ ಧೂಳು ಬಾಗಿಲ ಪರದೆಯ ಮೇಲೂ ಕೂತಿತ್ತು. ಒಳಗೆ ಎರಡು ಮಷಿನು, ತೂಗುಹಾಕಿದ ರವಿಕೆಗಳು, ಗೋಡೆಯ ಮೊಳೆಗೆ ಸಿಕ್ಕಿಸಿದ, ಅಳತೆಗೆ ಕತ್ತರಿಸಿದ ಕಾಗದಗಳು. ಊಟದ ಹೊತ್ತು, ಬೇರೆ ಯಾರೂ ಇರಲಿಲ್ಲ. ಕೂದಲು ನೆರೆತು ಒಂದೇ ತುರುಬಾಗಿತ್ತು, ಆದರೆ ಆ ದಿಟ್ಟಿಸುವ ನೋಟ ಹಾಗೇ ಇತ್ತು. ಚಪ್ಪಲಿ ಹೊಸ್ತಿಲಾಚೆ ಬಿಟ್ಟು ಒಳಗೆ ಹೋದೆ.

"ಯಾರ ಅಳತಿ ಜಾಕೀಟು ತಂದೀರಿ?" ಎಂದರು.

 ಚೀಲದಿಂದ ಕಟ್ಟು ತೆಗೆದು ಮಷಿನಿನ ಮೇಲಿಟ್ಟೆ. "ಅಕ್ಕಾರ, ಇದನ್ನ ಓದ್ರಿ," ಎಂದಷ್ಟೇ ಹೇಳಿದೆ.

ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಮೇಲಿನ ಹಾಳೆಯನ್ನು ತಿರುಗಿಸಿ ಬೆನ್ನು ನೋಡಿದರು. ಮತ್ತೆ ಮುಂಬದಿ ನೋಡಿದರು.

"ಇವನ್ನ ಎಲ್ಲಿ ಹಂಚಬೇಕು ಅಂತ ಮಾಡೀರಿ?"

"ಕುರುಗೋಡಿನಾಗ. ಇಲ್ಲಿ ಸಂತ್ಯಾಗ. ಆ ಹಾಡು ಕೇಳಿದ ಮಂದಿಗೆಲ್ಲ ಖರೇ ಗೊತ್ತಾಗ್ಲಿ ಅಂತ."

"ಆ ಮಂದ್ಯಾಗ ಅರ್ಧ ಮಂದಿ ಸತ್ತಾರ್ರಿ. ಉಳದೋರಿಗೆ ಹಾಡು ಮರ್ತೈತಿ. ಹೆಸರು ಒಂದ ಉಳದೈತಿ, ಹಾಡಿನಾಕಿ ಅಂತ. ನಾ ಹಾಡ್ತಿದ್ದೆ ಅಂದ್ಕೊಂಡಾರ. ಮೊನ್ನಿ ಒಬ್ಬಾಕಿ ಮದುವ್ಯಾಗ ಸೋಬಾನ ಹಾಡು ಬಾ ಅಂತ ಕರಿಯಾಕ ಬಂದಿದ್ಲು." ಸ್ವಲ್ಪ ನಕ್ಕರು. ಕೂಡಲೇ ನಗು ನಿಂತಿತು. "ನೀವು ಈಗ ಇದನ್ನ ಹಂಚಿದ್ರ, ಅವರಿಗೆ ವಿಷ ನೆನಪಾಗ್ತೈತಿ. ನನ್ನ ಮಗಳಿಗೆ ಇದು ಗೊತ್ತಿಲ್ಲ. ಮೊಮ್ಮಗಳು ಸಾಲಿಗೆ ಹೋಗ್ತಾಳ. ನನ್ನ ಒಂದ್ ಮಾತು ಕೇಳದ ಆಗ ಅಚ್ಚು ಹಾಕಿದ್ರಿ. ಈಗೂ ಕೇಳದ ಹಾಕ್ಸೀರಿ."

ನೆಲ ಬಾಯಿಬಿಡಬಾರದೆ ಎನ್ನಿಸಿತು. ಹೆಂಡತಿ ಹೇಳಿದ್ದು ಅದನ್ನೇ. ನನ್ನ ಎದೆ ಹಗುರಾಗಲೆಂದು ಇನ್ನೂರು ಪ್ರತಿ ಹಾಕಿಸಿ, ಆಕೆಯ ಬಾಗಿಲಿಗೆ ಹೊತ್ತು ತಂದಿದ್ದೆ. ಎದ್ದು ಹೊರಡಬೇಕೆನ್ನಿಸಿತು, ಅದೇ ಹಳೆಯ ಚಾಳಿ. ಆದರೆ ಅವರು "ಕುಂದರ್ರಿ, ಬಿಸಲಾಗ ಬಂದೀರಿ" ಎಂದು ಮೂಲೆಯಿಂದ ಊಟದ ಡಬ್ಬಿ ತಂದು ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮುಚ್ಚಳದಲ್ಲಿ ಒಂದು ರೊಟ್ಟಿ ಹಾಕಿ ಪಲ್ಯ ಇಟ್ಟು ನನ್ನ ಕಡೆ ಸರಿಸಿದರು.

"ಉಣ್ರಿ."

"ನೀವು ಮೊದ್ಲು ಉಣ್ರಿ, ಅಕ್ಕಾರ," ಎಂದೆ. ಮರ್ಯಾದೆಗೆ ಹೇಳಿದ ಮಾತು. ಮಂದಿ ಮನೆಯಲ್ಲಿ ನಾವು ಯಾವಾಗಲೂ ಹೇಳುವ ಮಾತು.

ಅವರ ಕೈ ಡಬ್ಬಿಯ ಮೇಲೆ ಹಾಗೇ ನಿಂತಿತು.

"ಆ ಸಂಬಂಧ ಮುರದ ಎರಡು ವರ್ಷಕ್ಕ ಇದ ಊರಾಗ ಬ್ಯಾರೆ ಮನಿಗೆ ಕೊಟ್ರು," ಎಂದರು. "ನಮ್ಮ ಮನ್ಯಾರು ಚಲೋ ಮನುಷ್ಯ. ಎಲ್ಲಾ ಗೊತ್ತಿದ್ದೂ ಮಾಡ್ಕೊಂಡ್ರು. ಆದ್ರ ನಮ್ಮತ್ತಿ ಕಿವಿಗೆ ಆ ಹಾಡು ಬಿದ್ದಿತ್ತು. ಒಂದು ವರ್ಷ, ದಿನಾ, ನಾ ಅಡಗಿ ಮಾಡಿದ ಮ್ಯಾಲೆ ಆಕಿ, 'ನೀ ಮೊದ್ಲು ಉಣ್ಣು' ಅಂತಿದ್ಲು. ನಾ ಉಂಡು, ತಾಟು ತೊಳದು, ಒಂದು ತಾಸು ಬಿಟ್ಟು ಆಕಿ ಉಣ್ಣಾಕ ಕುಂದ್ರಾಕಿ. ಓಣಿ ಮಂದಿ ಏನಂತಿದ್ರು ಗೊತ್ತೇನ್ರಿ? 'ಎಂಥಾ ಅತ್ತಿನವ್ವಾ, ಸೊಸಿಗೆ ಮೊದ್ಲು ಉಣ್ಣಾಕ ಇಟ್ಟು ತಾ ಹಿಂದ ಉಣ್ತಾಳ!' ನಮ್ಮವ್ವನ ಮುಂದೂ ಹಂಗ ಹೊಗಳ್ತಿದ್ರು. ಅವ್ವ ಖುಷಿ ಪಡ್ತಿದ್ಲು. ನಾ ಏನಂತ ಹೇಳ್ಲಿ?"

ನಾನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಅವರು ಇನ್ನೂ ಮುಟ್ಟಿರಲಿಲ್ಲ.  ಕಣ್ಣಲ್ಲಿ ನೀರು ಬಂತು, ಖಾರಕ್ಕೆಂದು ಅವರು ತಿಳಿದುಕೊಳ್ಳಲಿ ಎಂದುಕೊಂಡೆ. ಅವರು ನೀರಿನ ತಂಬಿಗೆ ಸರಿಸಿದರು. ನಾನು ಎರಡನೆಯ ತುತ್ತು ಉಂಡ ಮೇಲೆ ತಾವೂ ಉಂಡರು.

ಊಟ ಮುಗಿಯಿತು. ಕೈ ತೊಳೆದು ಬಂದು ನಿಂತೇ ಹೇಳಿದೆ. "ಆ ಹಾಡು ಬರದಾಂವ ನಾನ. ನಿಮ್ಮ ಮುಖ ಡಬ್ಬ್ಯಾಗಿಂದ ತಗದು ಕೊಟ್ಟಾಂವನೂ ನಾನ. ಯಾರ ಮುಖ ಅಂತ ಗೊತ್ತಿದ್ದೂ ಕೊಟ್ಟೆ. ತಪ್ಪಾತ್ರಿ." ಹಾಳೆಯಲ್ಲಿ ಎಷ್ಟು ಚೆಂದ ಬರೆದಿದ್ದೆ. ಬಾಯಲ್ಲಿ ಬಂದದ್ದು ಇಷ್ಟೇ.

"ಹೂಂ," ಎಂದರು. ಹಾಳೆಗಳ ಕಟ್ಟನ್ನು ಎಳೆದುಕೊಂಡು ತಟ್ಟಿ ಸರಿಮಾಡಿದರು. "ಇವು ಇಲ್ಲೇ ಇರ್ಲಿ. ಹಿಂದ ಖಾಲಿ ಐತಿ. ಕಟಿಂಗ್ ಕಲಿಯಾಕ ಹುಡುಗೇರು ಬರ್ತಾರ, ಅಳತಿ ಕತ್ತರಸಾಕ ಬರ್ತಾವು. ಅಚ್ಚಿನ ಕಡೆ ನಾನು ಇದ್ದಲಿ ಬಳದು ಕೊಡ್ತೀನಿ." ಒಂದು ಹಾಳೆಯನ್ನು ಮಾತ್ರ ತೆಗೆದು, ನಾಲ್ಕಾಗಿ ಮಡಚಿ, ಸೂಜಿ ದಾರದ ಡಬ್ಬಿಯ ಅಡಿಯಲ್ಲಿಟ್ಟರು.

ನಾನು ಹೊರಡಲು ಹೊಸ್ತಿಲ ಬಳಿ ಬಂದೆ. ಆಗ ಕೇಳಿದರು.

"ಆವತ್ತು ಪ್ರೆಸ್ಸಿನಾಗ ಮೊಳಿ ಕೇಸಿನ ಹಿಂದ ನಿಂತಿದ್ರಲ್ಲ, ಅದು ನೀವ ಏನ್ರಿ?"

ತಿರುಗಿ ನೋಡಿದೆ.

"ಕೇಸಿನ ಕೆಳಗ ಎರಡು ಪಾದ ಕಾಣ್ತಿದ್ವು. ಎಡಗಾಲಿನ ಚಪ್ಪಲಿಗೆ ಹಸಿರು ಬಾರು ಹಾಕಿಸಿದ್ರಿ. ಬರೆಯೋರು ಊರಾಗಿಲ್ಲ ಅಂತ ಅವರು ಹೇಳಿದಾಗ ಆ ಪಾದ ಅಲುಗಾಡಿದ್ವು. ಅದಕ್ಕ ಅಷ್ಟು ಹೊತ್ತು ನಿಂತಿದ್ದೆ. ಈಗ ಬರ್ತಾರ, ಈಗ ಬರ್ತಾರ ಅಂತ. ಯಾಕ ಬರ್ಲಿಲ್ರಿ?"

ಮೂವತ್ತೈದು ವರ್ಷ ನಾನು ಅಡಗಿಯೇ ಇದ್ದೆ ಎಂದುಕೊಂಡಿದ್ದೆ. ಅಷ್ಟು ವರ್ಷವೂ ಆಕೆಗೆ ನಾನು ಕಾಣುತ್ತಲೇ ಇದ್ದೆ.

"ಹೆದರಿದ್ದೆ," ಎಂದೆ.

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ನಾನೂ ಹೆದರಿದ್ದೆ," ಎಂದರು. "ಆದ್ರೂ ಕುರುಗೋಡಿನಿಂದ ಬಂದಿದ್ದೆ."

ನಾನು ಬಾಗಿ ಚಪ್ಪಲಿ ಮೆಟ್ಟಿಕೊಂಡೆ. ಅವರು ನನ್ನ ಪಾದಗಳನ್ನೇ ನೋಡುತ್ತಿದ್ದರು.